ಪುಕ್ಕಟೆ ಐತ್ರಿ, ಗುರುಗಳ!

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯೊಳಗ ಗೋಕಾಕ, ಮೂಡಲಗಿ, ಹುಕ್ಕೇರಿ, ಯಾವ ವಲಯದ ಸಮಾಲೋಚನಾ ಸಭೆಗಾದರೂ ಹೋಗಿ ನೋಡಿ. ಒಳಗೆ ಬಂದ ಮಾಸ್ತರರೆಲ್ಲ ಫ್ಯಾನಿನ ಕೆಳಗಿನ ಖುರ್ಚಿಗಾಗಿ ಕಣ್ಣಾಡಿಸುತ್ತಾರೆ. ಒಬ್ಬ ಆಸಾಮಿ ಮಾತ್ರ ಗೋಡೆಗುಂಟ ಬಗ್ಗಿ ನಡೆಯುತ್ತ ಪ್ಲಗ್ ಹುಡುಕುತ್ತಿರುತ್ತಾನೆ. ಹೆಗಲಿಗೊಂದು ಕಪ್ಪು ಚೀಲ. ಅದರಲ್ಲಿ ಬಿಜಾಗರಿ ಸಡಿಲಾದ ಲ್ಯಾಪ್‌ಟಾಪು, ಎಕ್ಸ್‌ಟೆನ್ಷನ್ ಬೋರ್ಡು, ಯಾವ ಯಂತ್ರಕ್ಕೂ ಹೊಂದದ ಹತ್ತಾರು ವಾಯರು, ಮತ್ತೆ ಪರದೆಗೆಂದು ಒಗೆದು ಮಡಚಿದ ಒಂದು ಬಿಳಿ ಧೋತರ. ಧೋತರ ಹುಕ್ಕೇರಿ ಕಡೆಯ ಮಾವನದು.

ಪ್ಲಗ್ಗಿನ ಈ ಹಂಬಲಕ್ಕೆ ಸೀಮೆಯ ಗುಣವೂ ಕಾರಣ ಇದ್ದೀತು. 1887ರಲ್ಲೇ ಗೋಕಾಕ ಫಾಲ್ಸಿನ ನೀರಿನಿಂದ ಕರೆಂಟು ತೆಗೆದರೆಂದು ನಮ್ಮ ಜನ ಇಂದಿಗೂ ಎದೆ ಉಬ್ಬಿಸಿ ಹೇಳುತ್ತಾರೆ. ಹುಕ್ಕೇರಿಯವರಂತೂ 1969ರಿಂದ ತಮ್ಮದೇ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡವರು. ಇಂಥ ನೆಲದಲ್ಲಿ ಹುಟ್ಟಿ, ಇಂಥ ನೆಲದ ಅಳಿಯನೂ ಆದವನು ಖಡು ಹಿಡಿದು ಸುಮ್ಮನೆ ನಿಲ್ಲುವುದು ಸಾಧ್ಯವಿಲ್ಲ.

ಈತನ ತಾರಕಮಂತ್ರ ಒಂದೇ: “ಪುಕ್ಕಟೆ ಐತ್ರಿ, ಗುರುಗಳ!” ಜ್ವರದಲ್ಲಿ ಮಲಗಿದವರಿಗೂ ಹೇಳುತ್ತಾನೆ. ಮದುವೆಯ ಊಟದ ಪಂಕ್ತಿಯಲ್ಲಿ, ಪಕ್ಕದ ಎಲೆಯವನ ಕೈ ಇನ್ನೂ ಹೋಳಿಗೆಗೆ ಮುಟ್ಟಿರುವುದಿಲ್ಲ, ಈತನ ಫೋನು ಹೋಳಿಗೆಯ ಮೇಲೆ ಬಂದು ನಿಂತಿರುತ್ತದೆ. “ಇದರಾಗ ಪಾಠದ ಪೋಸ್ಟರ್ ಆಗ್ತೈತ್ರಿ, ಕ್ವಿಝ್ ಆಗ್ತೈತ್ರಿ, ಚಿತ್ರ ಓಡಾಡ್ತಾವ್ರಿ. ಒಂದ್ ರೂಪಾಯಿ ಇಲ್ರಿ.” ಹೂಂ ಅಂದರೆ ಮುಗಿಯಿತು, ನಿಮ್ಮ ಫೋನು ಕಸಿದು ಡೌನ್‌ಲೋಡ್ ಮಾಡಿಯೇ ಕೊಡುತ್ತಾನೆ. ನನ್ನ ಫೋನಿನಲ್ಲಿ ಈಗ ನನಗೆ ಗುರುತೇ ಇಲ್ಲದ ಚೌಕಗಳು ಎಷ್ಟಿವೆ ಎಂದರೆ, ಯಾರಾದರೂ ಕರೆ ಮಾಡಿದಾಗ ಹಸಿರು ಗುಂಡಿ ಸಿಗುವಷ್ಟರಲ್ಲಿ ಕರೆ ನಿಂತಿರುತ್ತದೆ.

ಅನ್ಯಾಯವಾಗಿ ಬರೆಯಬಾರದು. ಆತ ತೋರಿಸಿದವುಗಳಲ್ಲಿ ನಿಜಕ್ಕೂ ಬಂಗಾರದಂಥವು ಇವೆ. 2001ರಲ್ಲಿ ಆಸ್ಟ್ರಿಯಾದ ವಿದ್ಯಾರ್ಥಿ ಮಾರ್ಕುಸ್ ಹೋಹೆನ್‌ವಾರ್ಟರ್ ತನ್ನ ಪದವಿಯ ಪ್ರಬಂಧಕ್ಕೆಂದು ಆರಂಭಿಸಿದ ಜಿಯೋಜೀಬ್ರಾದಲ್ಲಿ ತ್ರಿಕೋನದ ಮೂಲೆ ಹಿಡಿದು ಎಳೆದರೆ ಕೋನಗಳು ಕಣ್ಣೆದುರೇ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಿಂದ ಅಲುಗುವುದಿಲ್ಲ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಫೆಟ್ ಪ್ರಯೋಗಗಳು ಕನ್ನಡದಲ್ಲೂ ಸಿಗುತ್ತವೆ. ಬಲ್ಬು ಸುಡುವ ಭಯವಿಲ್ಲದೆ ಹುಡುಗರು ಮಂಡಲ ಜೋಡಿಸಬಹುದು. ಇವುಗಳಿಗೆ ಗಡುವಿಲ್ಲ, ಬೇಲಿಯಿಲ್ಲ. ಆದರೆ ನಮ್ಮ ಮಾಸ್ತರನಿಗೆ ಇಂಥವುಗಳಲ್ಲಿ ಅರ್ಧ ಮನಸ್ಸು. ಗಡುವು ಇರುವ ಪುಕ್ಕಟೆಯಲ್ಲೇ ಆತನಿಗೆ ಬೇಟೆಯ ಸುಖ.

ಮೂವತ್ತು ದಿನ ಪುಕ್ಕಟೆ, ಆಮೇಲೆ ರೊಕ್ಕ ಕಟ್ಟು ಎನ್ನುವ ಜಾತಿಯವು ಇರುತ್ತವಲ್ಲ, ಅವುಗಳನ್ನು ಸೋಲಿಸಲು ಈತ ಮನೆಮಂದಿಯ ಹೆಸರಿನಲ್ಲೆಲ್ಲ ಈ-ಮೇಲ್ ಖಾತೆ ತೆರೆದ. ತನ್ನದು ಮುಗಿದ ಮೇಲೆ ಹೆಂಡತಿಯದು, ಆಮೇಲೆ ತಾಯಿಯದು, ಕೊನೆಗೆ ಹುಕ್ಕೇರಿ ಮಾವನದು. ಮಾವ ಕಬ್ಬಿನ ರೈತ. ಹಂಗಾಮು ಮುಗಿದು ಕಾರ್ಖಾನೆಯ ಬಿಲ್ಲಿಗಾಗಿ ಕಾಯುತ್ತ ಕೂತ ದಿನಗಳಲ್ಲೇ ಅವರ ಫೋನು ಟಣ್ ಎಂದು ಬಾರಿಸಿತು. ಇಂಗ್ಲಿಷ್ ಮೀಡಿಯಂ ಮೊಮ್ಮಗ ಓದಿ, “ಅಜ್ಜಾ, ಪೇಮೆಂಟ್ ಅಂತ ಬಂದೈತಿ” ಎಂದ. ಅಜ್ಜ ರುಮಾಲು ಸುತ್ತಿಕೊಂಡು ನೆಟ್ಟಗೆ ಬ್ಯಾಂಕಿಗೆ ನಡೆದರು. ಅಲ್ಲಿ ತಿಳಿದದ್ದು, ಪೇಮೆಂಟು ಬರುವುದಲ್ಲ, ಕೊಡುವುದು. ಅದೂ ಬಣ್ಣದ ಅಕ್ಷರಗಳಿಗಾಗಿ, ಡಾಲರಿನಲ್ಲಿ. ಮಾವನ ಮನೆಯ ಯುಗಾದಿಯ ಊಟ ಆ ವರ್ಷ ಅಳಿಯನಿಗೆ ಸ್ವಲ್ಪ ಕಹಿಯಾಗೇ ಆಯಿತು. ಶಾಲಾ ಶಿಕ್ಷಕರಿಗೆ ಕ್ಯಾನ್ವಾದ ಶೈಕ್ಷಣಿಕ ಆವೃತ್ತಿ ಪೂರ್ತಿ ಉಚಿತ, ಗುರುತಿನ ಚೀಟಿ ತೋರಿಸಿದರೆ ಸಾಕು ಎಂದು ಮುಂದೆ ತಿಳಿದಾಗ ಆತ ಸ್ಟಾಫ್ ರೂಮಿನಲ್ಲಿ ಗೋಕಾಕ ಕರದಂಟು ಹಂಚಿದ್ದ. ಕರದಂಟು ತನ್ನ ರೊಕ್ಕದ್ದು. ಉಳಿತಾಯದ ಲೆಕ್ಕ ಆತನಿಗೆ ಎಂದೂ ಹತ್ತಿಲ್ಲ.

ಆ ಕರದಂಟಿನ ಸಾಲ ನಾವಿನ್ನೂ ತೀರಿಸುತ್ತಿದ್ದೇವೆ, ಪೋಸ್ಟರುಗಳ ರೂಪದಲ್ಲಿ. ನಮ್ಮ ಗ್ರೂಪಿನಲ್ಲಿ ಬೆಳಗಾಗುವುದು ಆತನ ಪೋಸ್ಟರಿನಿಂದ. ಬಲೂ ತಮ್ಮ ಎಂಬ ದಪ್ಪ, ದುಂಡು ಕನ್ನಡ ಅಕ್ಷರ ಆತನಿಗೆ ಬಲು ಪ್ರೀತಿ. ಓಜೋನ್ ದಿನಕ್ಕೂ ಅದೇ, ಒನಕೆ ಓಬವ್ವ ಜಯಂತಿಗೂ ಅದೇ. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೇ ತಂದು ಅಂಟಿಸಿ, ಕನ್ನಡವೆಲ್ಲ ಕೊಂಬು-ಬಾಲದ ಪರದೇಶಿ ಲಿಪಿಯಾದಾಗಲೂ ಅದನ್ನು ಗ್ರೂಪಿಗೆ ಹಾಕಿ “ಡಿಸೈನ್ ಹೆಂಗೈತ್ರಿ?” ಎಂದು ಕೇಳಿದವ. ನಮ್ಮ ಹೆಡ್‌ಮಾಸ್ತರರ ನಿವೃತ್ತಿಗೆ ಮಾಡಿದ ಪೋಸ್ಟರಂತೂ ಮರೆಯುವಂತಿಲ್ಲ. ಅಂಡಾಕಾರದ ಚೌಕಟ್ಟಿನಲ್ಲಿ ಅವರ ಫೋಟೊ, ಸುತ್ತ ಹೂಮಾಲೆ, ಎರಡೂ ಕಡೆ ಉರಿಯುವ ದೀಪ, ಕೆಳಗೆ ‘ತಮ್ಮ ಸೇವೆ ಅಜರಾಮರ’. ಸಂಜೆಯ ಹೊತ್ತಿಗೆ ನಿಪ್ಪಾಣಿಯಿಂದ ಅವರ ಷಡ್ಡಕ ಜೀಪು ಮಾಡಿಕೊಂಡು ಅಳುತ್ತ ಬಂದಿಳಿದರು. ಹೆಡ್‌ಮಾಸ್ತರರೇ ಬಾಗಿಲು ತೆಗೆದರು.

2020ರ ಲಾಕ್‌ಡೌನಿನಲ್ಲಿ ಗೂಗಲ್ ಫಾರ್ಮಿನ ರಸಪ್ರಶ್ನೆಗಳು, ನಲವತ್ತಕ್ಕಿಂತ ಹೆಚ್ಚು ಅಂಕ ಬಂದವರಿಗೆಲ್ಲ ತಾನಾಗಿ ಬಂದು ಬೀಳುವ ಈ-ಪ್ರಮಾಣಪತ್ರಗಳು ನಿಮಗೆ ನೆನಪಿರಬೇಕು. ಆ ಹೊಳೆಗೆ ನಮ್ಮ ಕಡೆಯ ಮೂಲ ಈತ. ಪರಿಸರ, ಯೋಗ, ಜನಸಂಖ್ಯೆ, ಹುಲಿ, ಎಲ್ಲದರಲ್ಲೂ ನಾನು ಪ್ರವೀಣ ಎಂಬುದಕ್ಕೆ ನನ್ನಲ್ಲಿ ದಾಖಲೆ ಇದೆ. ಒಂದನ್ನು ಲ್ಯಾಮಿನೇಷನ್ ಮಾಡಿಸಿ ಗೋಡೆಗೂ ಹಾಕಿದ್ದೇನೆ, ಹುಲಿಯದು. ಮನೆಗೆ ಬಂದವರು ಗೌರವದಿಂದ ನೋಡುತ್ತಾರೆ.

ಇವೆಲ್ಲ ಹೋಗಲಿ. ನನ್ನ ಮೈ ಇಂದಿಗೂ ಉರಿಯುವುದು ಪ್ಲಿಕರ್ಸ್ ಎಂಬ ಮಾಯೆಗೆ.

ಅಮೆರಿಕದ ಒಬ್ಬ ಶಾಲಾ ಮಾಸ್ತರನೇ ಹುಟ್ಟುಹಾಕಿದ್ದಂತೆ ಅದು. ಮಕ್ಕಳ ಹತ್ತಿರ ಫೋನು ಬೇಡ, ಕಂಪ್ಯೂಟರು ಬೇಡ. ಒಬ್ಬೊಬ್ಬರಿಗೆ ಒಂದೊಂದು ಕಾಗದದ ಕಾರ್ಡು, ಅದರ ಮೇಲೆ ಕಪ್ಪು-ಬಿಳಿ ಚೌಕಗಳ ಚಿತ್ತಾರ. ನಾಲ್ಕು ಅಂಚಿಗೆ ಇರುವೆಗಾತ್ರದಲ್ಲಿ ಎ, ಬಿ, ಸಿ, ಡಿ. ಯಾವುದು ಸರಿ ಅನ್ನಿಸುತ್ತದೋ ಆ ಅಂಚು ಮೇಲೆ ಬರುವಂತೆ ಕಾರ್ಡು ಎತ್ತಿ ಹಿಡಿಯಬೇಕು. ಮಾಸ್ತರ ತನ್ನ ಫೋನನ್ನು ತರಗತಿಯ ಮೇಲೊಮ್ಮೆ ಆಡಿಸಿದರೆ ಯಾರು ಏನು ಉತ್ತರಿಸಿದರೆಂದು ಅದರಲ್ಲಿ ಮೂಡುತ್ತದೆ. ಸದಾ ಕೈ ಎತ್ತುವ ನಾಲ್ಕು ಹುಡುಗರನ್ನು ಬಿಟ್ಟು ಹಿಂದಿನ ಸಾಲಿನ ಮೂಕರೂ ಉತ್ತರ ಕೊಡಬಹುದಾದ ಈ ಉಪಾಯಕ್ಕೆ ನಾನೂ ತಲೆದೂಗಿದವನೇ. ಗುಟ್ಟು ಇರುವುದು ಇಲ್ಲಿ: ಒಬ್ಬರ ಚಿತ್ತಾರ ಇನ್ನೊಬ್ಬರದರ ಹಾಗೆ ಇರುವುದಿಲ್ಲ. ಹೀಗಾಗಿ ಪಕ್ಕದವರ ಕಾರ್ಡು ನೋಡಿ ನಕಲು ಮಾಡಲು ಬರುವುದಿಲ್ಲ.

ಬರುವುದಿಲ್ಲ ಎಂಬುದು ನಮ್ಮ ಏಳನೆಯ ಇಯತ್ತೆಗೆ ಗೊತ್ತಿರಲಿಲ್ಲ.

ಇಲಾಖೆಯ ಸಾಹೇಬರು ಶಾಲೆಯ ಭೇಟಿಗೆ ಬಂದ ದಿನ ಈತ ಧೋತರ ಕಟ್ಟಿದ, ಕಾರ್ಡು ಹಂಚಿದ, ಪ್ರಶ್ನೆ ಬಿಟ್ಟ: ಗೊಡಚಿನಮಲ್ಕಿ ಜಲಪಾತ ಯಾವ ನದಿಯದು? ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ, ಕೃಷ್ಣಾ. ಆ ಹುಡುಗರಲ್ಲಿ ಅರ್ಧ ಜನ ಮಳೆಗಾಲದ ಆದಿತ್ಯವಾರ ಅಪ್ಪನ ಬೈಕಿನಲ್ಲಿ ಕೂತು ಆ ಫಾಲ್ಸ್ ನೋಡಿ, ತೊಯ್ಸಿಕೊಂಡು, ಗೊಂಜಾಳ ತಿಂದು ಬಂದವರು. ಆದರೆ ಸಾಹೇಬರ ಮೀಸೆ ಎದುರಿಗಿದೆ. ಮೊದಲ ಸಾಲಿನ ಜಾಣ ಹುಡುಗಿ ಕಾರ್ಡು ಎತ್ತಿದಳು. ಇಡೀ ತರಗತಿ ಅವಳ ಕಡೆ ಓರೆಗಣ್ಣು ಬಿಟ್ಟಿತು. ಅವಳ ಕಾರ್ಡಿನಲ್ಲಿ ದಪ್ಪ ಕಪ್ಪು ಮೂಲೆ ಎಡಗಡೆ ಮೇಲಿತ್ತು. ಎಲ್ಲರೂ ತಂತಮ್ಮ ಕಾರ್ಡನ್ನು ತಿರುವಿ, ಮುರುವಿ, ತಮ್ಮ ಚಿತ್ತಾರದಲ್ಲೂ ಒಂದು ಕಪ್ಪು ಮೂಲೆ ಎಡಗಡೆ ಮೇಲೆ ಬರುವಂತೆ ಮಾಡಿ, ಗೆದ್ದೆವೆಂದು ಎತ್ತಿದರು.

ಧೋತರದ ಮೇಲೆ ಗೆರೆಗಳು ಏರಿದವು. ಘಟಪ್ರಭಾ ಉದ್ದ, ಕೃಷ್ಣಾ ಅದಕ್ಕಿಂತ ಉದ್ದ, ಹಿರಣ್ಯಕೇಶಿಗೂ ಸಾಕಷ್ಟು ಭಕ್ತರು. ಮಾರ್ಕಂಡೇಯಕ್ಕೆ ಆ ಹುಡುಗಿ, ಜೊತೆಗೆ ದೈವವಶಾತ್ ಇನ್ನೊಬ್ಬ.

ಸಾಹೇಬರು ಕನ್ನಡಕ ತೆಗೆದು, “ಏನ್ರಪ್ಪಾ, ಗೊಡಚಿನಮಲ್ಕಿ ಫಾಲ್ಸ್ ಯಾವ ಹೊಳೀದು?” ಎಂದು ಬಾಯಿಂದಲೇ ಕೇಳಿದರು.

“ಮಾರ್ಕಂಡೇಯ್ರೀ ಸರ್ರ!” ಹಂಚು ಹಾರಿಹೋಗುವಂತೆ ಕೂಗಿದವು ಹುಡುಗರು.

ಬೇರೆ ಯಾವನಾದರೂ ಅಲ್ಲಿಗೆ ಕೈಮುಗಿದು ಚಹಾ ತರಿಸುತ್ತಿದ್ದ. ಈತ ಫೋನು ಎತ್ತಿ ತೋರಿಸುತ್ತ, “ಬಾಯಿಲೆ ಹೇಳೂದು ದಾಖಲೆ ಆಗೂದಿಲ್ರಿ ಸಾಹೇಬ್ರ. ಡೇಟಾ ಇಲ್ಲೈತಿ ನೋಡ್ರಿ” ಎಂದ. ದಾಖಲೆ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಯಾವ ಅಧಿಕಾರಿಯೂ ತನ್ನ ಕಿವಿಯನ್ನು ನಂಬುವುದಿಲ್ಲ. ನದಿಗಳಲ್ಲಿ ಮಕ್ಕಳು ಹಿಂದುಳಿದಿದ್ದಾರೆ, ಪರಿಹಾರ ಬೋಧನೆ ಕೈಗೊಂಡು ವರದಿ ಕೊಡುವುದು ಎಂದು ಭೇಟಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಪರಿಹಾರ ಬೋಧನೆಗೆ ಸಮಯ? ಮಧ್ಯಾಹ್ನದ ಕನ್ನಡ ಅವಧಿ. ಬೋಧಿಸುವವರು? ಕನ್ನಡ ಮಾಸ್ತರ. ಅಂದರೆ ನಾನು. ಮಾರ್ಕಂಡೇಯ ನದಿ ಗೋಕಾಕದ ಹತ್ತಿರ ಘಟಪ್ರಭೆಯನ್ನು ಕೂಡುತ್ತದೆ ಎಂದು ಚಿತ್ರ ಬರೆದರೆ, ಆ ಕೂಡುವ ಜಾಗದಲ್ಲಿ ಯಾವ ಮೀನು ಸಿಗುತ್ತದೆ, ಯಾವ ದಂಡೆಯಲ್ಲಿ ಕಾಲು ಜಾರುತ್ತದೆ ಎಂದು ಹುಡುಗರು ನನಗೆ ಹೇಳಿಕೊಟ್ಟರು. ಪರಿಹಾರ ಸಿಕ್ಕಿದ್ದು ನನಗೇ. ವರದಿಯಲ್ಲಿ ಹಾಗೆ ಬರೆಯಲು ಕಾಲಂ ಇರಲಿಲ್ಲ.

ಇಷ್ಟಾದ ಮೇಲೆ ಈತನನ್ನು ಶಾಶ್ವತವಾಗಿ ದ್ವೇಷಿಸಬೇಕೆಂದು ನಿಶ್ಚಯಿಸಿದ್ದೆ. ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು.

ಹಬ್ಬಕ್ಕೆಂದು ಮಕ್ಕಳು ಮಾಡಿದ ಎತ್ತುಗಳನ್ನು ಶಾಲೆಗೆ ತರಲು ಹೇಳಿದ್ದನಂತೆ. ಅರಿವೆ ಹಾಸಿದ ಟೇಬಲ್ಲು, ಇಟ್ಟಂಗಿಗೆ ಆನಿಸಿ ನಿಲ್ಲಿಸಿದ ಅವನ ಫೋನು. ಎತ್ತನ್ನು ಒಂದು ಜೋಳದ ಕಾಳಿನಷ್ಟು ಮುಂದೆ ಸರಿಸು, ಕೈ ತೆಗೆ, ಫೋಟೊ ಹೊಡಿ. ಮತ್ತೆ ಸರಿಸು. ಸೆಕೆಂಡಿಗೆ ಹನ್ನೆರಡು ಫೋಟೊ ಎಂದರೆ ಹತ್ತು ಸೆಕೆಂಡಿನ ಓಟಕ್ಕೆ 120 ಸಲ. ಹಾಜರಿ ಕೂಗುವಷ್ಟು ಹೊತ್ತೂ ಒಂದು ಕಡೆ ನಿಲ್ಲದ ಹುಡುಗರು ಉಸಿರು ಬಿಗಿಹಿಡಿದು ನಿಂತಿದ್ದರು. ಕಬ್ಬಿನ ಗ್ಯಾಂಗಿನೊಂದಿಗೆ ವರ್ಷದ ಅರ್ಧ ಊರೂರು ತಿರುಗುವವರ ಮಗನೊಬ್ಬನಿದ್ದ. ಪುಸ್ತಕ ತೆರೆದರೆ ಅಕ್ಷರ ಕೂಡಿಸಲು ತಡವರಿಸುವವ. ಎತ್ತು ನಡೆಯುವಾಗ ಯಾವ ಕಾಲು ಮೊದಲು ಏಳುತ್ತದೆ, ಹೊರೆ ಎಳೆಯುವಾಗ ಕತ್ತು ಎಷ್ಟು ಬಾಗುತ್ತದೆ ಎಂದು ಎಲ್ಲರಿಗೂ ತಿದ್ದುತ್ತಿದ್ದವ ಅವನೇ. ಆಗಲೇ ನಡುವೆ ಒಂದು ಎತ್ತಿನ ಕೋಡು ಮುರಿಯಿತು. ಮೊದಲಿನಿಂದ ತೆಗೆಯೋಣ ಎಂದು ಮಾಸ್ತರ ಅಂದರೆ, “ಬ್ಯಾಡ್ರಿ ಸರ, ಹಾದ್ಯಾಗ ಮುರೀತು ಅಂತ ಕತಿ ಮಾಡೂಣ್ರಿ” ಎಂದವನೂ ಅವನೇ.

ಹಾಡು ಬೇಕಾಯಿತು. ಪುಕ್ಕಟೆ ಸಂಗೀತದ ಭಂಡಾರದಲ್ಲಿ ಹುಡುಕಿದರೆ ಎತ್ತಿನ ನಡಿಗೆಗೆ ಒಪ್ಪುವಂಥದ್ದು ಒಂದೂ ಇಲ್ಲ, ಎಲ್ಲ ಲಿಫ್ಟಿನಲ್ಲಿ ಕೇಳಿಬರುವಂಥ ಗಿಟಾರು. ಪಾರಿಜಾತವನ್ನು ಬಯಲಾಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣನ ಸೀಮೆ ನಮ್ಮದು. ಅದನ್ನು ಆಡಿ ಹೆಸರಾದ ಕೌಜಲಗಿ ನಿಂಗಮ್ಮನ ಸೀಮೆ. ಒಬ್ಬ ಹುಡುಗಿ ಮನೆಗೆ ಓಡಿ, ಪಾರಿಜಾತದ ಮೇಳದಲ್ಲಿ ತಾಳ ಹಿಡಿಯುತ್ತಿದ್ದ ಮುದುಕನನ್ನು ಕೈಹಿಡಿದು ಕರೆತಂದಳು. ಆತ ಫೋನನ್ನು ಒಮ್ಮೆ ನೋಡಿ, “ಎತ್ತು ಖಾಲಿ ಹೊಂಟಾವೋ, ಹೇರಿಕೊಂಡು ಹೊಂಟಾವೋ?” ಎಂದು ಕೇಳಿದ. ಅದನ್ನು ತಿಳಿದುಕೊಂಡ ಮೇಲೆ ತಾಳ ಹಾಕಿದ. ಆ ಚಿತ್ರವನ್ನು ನಾನು ಅವತ್ತು ಎಷ್ಟು ಸಲ ನೋಡಿದೆನೆಂದು ಈತನಿಗೆ ಹೇಳಿಲ್ಲ. ಹೇಳಿದ್ದರೆ ಅದಕ್ಕೊಂದು ಪ್ರಮಾಣಪತ್ರ ಬರುತ್ತಿತ್ತು.

ಹೊಸ ಸಾಮಾನು ಸಿಕ್ಕಾಗೆಲ್ಲ ಈತ ಎರಡು ತಿಂಗಳು ಕುಣಿದು, ಮೂರನೆಯ ತಿಂಗಳಿಗೆ ಇನ್ನೊಂದಕ್ಕೆ ಹಾರುತ್ತಾನೆ. ಹುಡುಗರು ಎತ್ತಿನ ಎರಡನೆಯ ಚಿತ್ರ ಮಾಡೋಣ ಎಂದು ಕೇಳುತ್ತಲೇ ಇದ್ದಾರೆ. ನಾನು ಇದನ್ನು ಹೇಳಿದಾಗ ತಲೆ ಕೆರೆದುಕೊಂಡು, “ಖರೇ ಐತ್ರಿ ಗುರುಗಳ” ಎಂದ. ಎಂದವನು ಅದೇ ಉಸಿರಿನಲ್ಲಿ ಫೋನು ಮುಂದೆ ಹಿಡಿದ. ಫೋಟೊ ಕೊಟ್ಟರೆ ಅದಕ್ಕೆ ಬಾಯಿ ಬರಿಸಿ ಪಾಠ ಹೇಳಿಸುವ ಎಐ ಅಂತೆ. ಪುಕ್ಕಟೆ ಅಂತೆ. ನಿಮ್ಮದೊಂದು ಫೋಟೊ ಕೊಡ್ರಿ ಎಂದ. ಕೊಡುವುದಿಲ್ಲ ಎಂದೆ.

ಮರುದಿನ ಗ್ರೂಪಿನಲ್ಲಿ ನಾನು ಮಾತಾಡುತ್ತಿದ್ದೆ. ಹುಲಿಯ ಪ್ರಮಾಣಪತ್ರಕ್ಕೆಂದು ಕಳಿಸಿದ ಹಳೆಯ ಫೋಟೊ ಅದು. ಹುಟ್ಟಿದಾಗಿನಿಂದ ಗೋಕಾಕ ದಾಟದ ನನ್ನ ನಾಲಗೆ ಅಪ್ಪಟ ಬೆಂಗಳೂರು ಕನ್ನಡದಲ್ಲಿ, “ಬನ್ನಿ ಮಕ್ಕಳೇ, ಇವತ್ತು ನಾವೆಲ್ಲಾ ಸಂಧಿಗಳ ಬಗ್ಗೆ ತಿಳಿದುಕೊಳ್ಳೋಣ್ವಾ?” ಎನ್ನುತ್ತಿತ್ತು. ಹುಬ್ಬು ಕುಣಿಯುತ್ತಿದ್ದವು. ಸಿಟ್ಟು ನೆತ್ತಿಗೇರಿ ಈತನಿಗೆ ಫೋನು ಹಚ್ಚಲು ಹೊರಟರೆ, ಫೋನು ಮನೆಯವಳ ಕೈಯಲ್ಲಿದೆ. ಅಡಿಗೆ ಮನೆಯ ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ಹಚ್ಚಿ ನೋಡುತ್ತಿದ್ದಾಳೆ.

“ಏನ್ರಿ, ಎಷ್ಟ್ ಸಮಾಧಾನದಿಂದ ಮಾತಾಡ್ತಾರ್ರೀ ಇವರು!” ಎಂದಳು. “ಇದು ಮನ್ಯಾಗ ಹಚ್ಚಾಕ ಬರ್ತೈತೇನು, ಆ ಮಾಸ್ತರನ್ನ ಒಂದೀಟ ಕೇಳ್ರಿ.”