ನನ್ನ ಆಯುಷ್ಯಕ್ಕೆ ಲೆಕ್ಕ ಕಟ್ಟಿರುವ ಆಕ್ಚುಯರಿ ಮಹಾಶಯರಿಗೆ

ಮಾನ್ಯರೇ,

ತಮಗೂ ನನಗೂ ಮುಖಪರಿಚಯವಿಲ್ಲ. ಆದರೂ ನನ್ನಂಥ ಅರವತ್ತರ ಗಂಡಸು ಇನ್ನೆಷ್ಟು ವರ್ಷ ಉಣ್ಣುತ್ತಾನೆ ಎಂಬ ಲೆಕ್ಕ ತಮ್ಮಲ್ಲಿ ಸಿದ್ಧವಿದೆ. ಚಿತ್ರಗುಪ್ತ ತನ್ನ ಕಡತವನ್ನು ಗುಟ್ಟಾಗಿಟ್ಟ. ತಾವು ದರಪಟ್ಟಿ ಮಾಡಿ ಅಚ್ಚು ಹಾಕಿಸಿದ್ದೀರಿ. ವಿದ್ಯೆಯೇನೋ ಹಳೆಯದೇ. ಧೂಮಕೇತುವಿನ ಹ್ಯಾಲಿ 1693ರಲ್ಲೇ ಬ್ರೆಸ್ಲಾವ್ ಊರಿನ ಸಾವುಗಳನ್ನು ಎಣಿಸಿ, ಜೀವವಿರುವವರೆಗೆ ಕಂತು ಕೊಡುವ ವರ್ಷಾಶನಕ್ಕೆ ಬೆಲೆ ಕಟ್ಟಿದ್ದ.

ನಾನು 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರಿ ನೌಕರಿಗೆ ಸೇರಿದವರ ಪೈಕಿ. ಅದಕ್ಕೂ ಮುಂಚೆ ಸೇರಿದವರಿಗೆ ಹಳೆ ಪಿಂಚಣಿ, ಜೊತೆಗೆ ಏರುವ ತುಟ್ಟಿಭತ್ಯೆ. ನಮಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಕೂಡಿದ ಗಂಟಿನಲ್ಲಿ ಕನಿಷ್ಠ ಶೇ. 40ನ್ನು ತಮ್ಮಂಥವರ ಕೈಗಿಟ್ಟು ವರ್ಷಾಶನ ಕೊಳ್ಳಬೇಕು. 25 ಲಕ್ಷ ಕೂಡಿದ್ದರೆ 10 ಲಕ್ಷ ತಮ್ಮ ಪಾಲು.

ಈಗ ತಮ್ಮ ಏಜೆಂಟರ ವಿಷಯ. ಅವರು ಎರಡು ನಮೂನೆ ತೋರಿಸಿದರು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ: ಸತ್ತ ಮೇಲೆ ಅಸಲು ಮರಳದ ನಮೂನೆಯಲ್ಲಿ ವರ್ಷಕ್ಕೆ 80,000, ಅಸಲು ಮಕ್ಕಳಿಗೆ ಮರಳುವ ನಮೂನೆಯಲ್ಲಿ 65,000. ಮೊದಲನೆಯದನ್ನು ತೋರಿಸುತ್ತಾ, "ಹನ್ನೆರಡೂವರೆ ವರ್ಷದಲ್ಲಿ ದುಡ್ಡು ವಾಪಸ್ ಬಂತಲ್ಲ ಸಾರ್" ಎಂದರು. ಬಡ್ಡಿ ಎಂಬುದೊಂದಿದೆ ಎಂದು ತಾವು ಅವರಿಗೆ ಹೇಳಿಕೊಟ್ಟಿಲ್ಲವೇ? ಅದೇ 10 ಲಕ್ಷಕ್ಕೆ ಶೇ. 6.5 ಬಡ್ಡಿ ಬರುವಂತಿದ್ದರೆ, ವರ್ಷಕ್ಕೆ 80,000 ತೆಗೆಯುತ್ತಾ ಹೋದರೂ ಗಂಟು ಕರಗಲು 26 ವರ್ಷ ಮೀರುತ್ತದೆ. ಅಂದರೆ 86 ದಾಟಿದ ಮೇಲೆ ಬರುವ ಕಂತು ಮಾತ್ರ ತಮ್ಮ ಜೇಬಿನದು; ಅಲ್ಲಿಯವರೆಗೆ ತಾವು ನನ್ನ ದುಡ್ಡನ್ನೇ ನನಗೆ ಎಣಿಸಿ ಕೊಡುತ್ತೀರಿ. ಬೇಗ ಹೋದವರು ಬಿಟ್ಟುಹೋದದ್ದರಿಂದ ತಡವಾಗಿ ಹೋಗುವವರ ಊಟ ನಡೆಯುತ್ತದೆ. ಕ್ರೂರವೆನಿಸಿದರೂ ವರ್ಷಾಶನದ ಸತ್ವವಿರುವುದು ಅಲ್ಲೇ.

ಎರಡನೆಯ ನಮೂನೆಯಲ್ಲಿ ಆ ಸತ್ವವೇ ಇಲ್ಲ. 65,000 ಎಂದರೆ ಬರೀ ಬಡ್ಡಿ. ತಿಂಗಳಿಗೆ 1,250 ಕಡಿಮೆ ಉಂಡು, ಮಗನಿಗೆ 10 ಲಕ್ಷ ಬಿಟ್ಟುಹೋಗುವ ಹೆಮ್ಮೆ ಕೊಂಡಂತೆ. ಬೆಲೆಗಳು ವರ್ಷಕ್ಕೆ ಶೇ. 6 ಏರಿದರೆ ನನ್ನ 86ನೇ ವಯಸ್ಸಿಗೆ ಆ 10 ಲಕ್ಷಕ್ಕೆ ಈಗಿನ ಸುಮಾರು 2.2 ಲಕ್ಷದ ಬೆಲೆ. ಮಗ ಅಷ್ಟರಲ್ಲಿ ತಾನೇ ನಿವೃತ್ತಿಯ ಹೊಸ್ತಿಲಲ್ಲಿರುತ್ತಾನೆ. ಆದರೂ ನಮ್ಮವರು ಇದನ್ನೇ ಮೆಚ್ಚುತ್ತಾರೆ ಎಂಬುದು ತಮ್ಮ ಭಾಗ್ಯ.

ಮೊದಲನೆಯದು ಅಮೃತ ಎಂದೇನೂ ನಾನು ಹೇಳುತ್ತಿಲ್ಲ. ತಿಂಗಳಿಗೆ ಬರುವ 6,667 ರೂಪಾಯಿ, ಬೆಲೆಗಳು ಅದೇ ಶೇ. 6ರಂತೆ ಏರಿದರೆ, ನನಗೆ 72 ಆಗುವಾಗ ಈಗಿನ ಸುಮಾರು 3,300 ರೂಪಾಯಿಯ ಸಾಮಾನನ್ನಷ್ಟೇ ತರುತ್ತದೆ. ವರ್ಷಕ್ಕೆ ಶೇ. 3 ಏರುವ ನಮೂನೆಯೂ ಇದೆಯಂತೆ. ಶುರುವಿನ ಕಂತು ತೀರಾ ಸಣ್ಣದಾದ್ದರಿಂದ ಏಜೆಂಟರು ಅದರ ಸುದ್ದಿ ಎತ್ತಲಿಲ್ಲ.

ತಮಗೆ ಹೆದರಿಕೆ ಹುಟ್ಟಿಸುವ ಕಥೆಯೂ ಒಂದಿದೆ. ಫ್ರಾನ್ಸಿನ ಆರ್ಲ್ ಪಟ್ಟಣದ ನೋಟರಿ ರಾಫ್ರೇ 1965ರಲ್ಲಿ, 90ರ ಜಾನ್ ಕಾಲ್ಮಾ ಎಂಬ ಮುದುಕಿಗೆ ಜೀವವಿರುವವರೆಗೆ ತಿಂಗಳಿಗೆ 2,500 ಫ್ರಾಂಕ್ ಕೊಡುವ, ಆಮೇಲೆ ಆಕೆಯ ಮನೆ ತನ್ನದಾಗುವ ಕರಾರು ಮಾಡಿಕೊಂಡ. ಮನೆಯ ಬೆಲೆಯ ಎರಡರಷ್ಟಕ್ಕೂ ಮೀರಿ ತೆತ್ತು 1995ರಲ್ಲಿ ಅವನೇ ತೀರಿಕೊಂಡ. ಕಂತು ಅವನ ಮನೆಯವರ ತಲೆಗೆ ಬಂತು. ಆಕೆ 122 ತುಂಬಿಸಿಕೊಂಡು 1997ರಲ್ಲಿ ಹೋದಳು.

ದಯಮಾಡಿ ಅಸಲು ಮರಳದ ನಮೂನೆಯನ್ನೇ ನನಗೆ ಕೊಡಿ. ನನ್ನ ನಂತರ ಹೆಂಡತಿಗೂ ಜೀವವಿರುವವರೆಗೆ ಕೊಡುವಂಥದ್ದು. ಕಂತು ಕೊಂಚ ಇಳಿದರೂ ಅಡ್ಡಿಯಿಲ್ಲ. ಅರ್ಜಿಯಲ್ಲಿ ಅವಳ ವಯಸ್ಸು ಮಾತ್ರ ಕೇಳಿದ್ದೀರಿ. ಅವಳ ಅಜ್ಜಿ, ಅಮ್ಮ, ಇಬ್ಬರು ಚಿಕ್ಕಮ್ಮಂದಿರು ಎಷ್ಟೆಷ್ಟು ವರ್ಷ ಬದುಕಿದರೆಂದು ಬರೆಯಲು ತಾವು ಜಾಗವನ್ನೇ ಬಿಟ್ಟಿಲ್ಲ. ಇದಕ್ಕಾಗಿ ನಾನು ತಮಗೆ ಚಿರಋಣಿ.

ಇಂತಿ,
ತಮ್ಮ ಪಟ್ಟಿಯ 60ನೇ ಸಾಲಿನವ