ಲಾಗಿನ್ ದ್ವಾರ ಮೀಮಾಂಸೆ

ಜಾಲತಾಣದ ಲಾಗಿನ್ ಪುಟ ಇರುವುದು ಕಳ್ಳರನ್ನು ತಡೆಯಲಿಕ್ಕೆ ಎಂಬುದು ಪಾಮರರ ನಂಬಿಕೆ. ಖಾತೆಯ ಒಡೆಯನನ್ನೇ ಹೊರಗೆ ನಿಲ್ಲಿಸುವುದು ಅದರ ಪರಮ ಪ್ರಯೋಜನ ಎಂಬುದು ನಮ್ಮ ಸಿದ್ಧಾಂತ. ಪ್ರತ್ಯಕ್ಷ ಪ್ರಮಾಣ ನೋಡಿ: ದೊಡ್ಡಕ್ಷರ ಎಲ್ಲಿ, ಅಂಕಿ ಎಲ್ಲಿ, ಚಿಹ್ನೆ ಎಲ್ಲಿ ಎಂದು ಪುಟ ಗದರುವುದು ಒಡೆಯನನ್ನು. ದೊಡ್ಡ ಕಳ್ಳರಿಗೆ ಈ ಪುಟದ ಹಂಗೇ ಇಲ್ಲ. 2009ರಲ್ಲಿ ರಾಕ್‌ಯೂ ತಾಣಕ್ಕೆ ನುಗ್ಗಿದವರು ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ಹಿತ್ತಲ ದಾರಿ ಹಿಡಿದು ಸುಮಾರು 3.2 ಕೋಟಿ ಪಾಸ್‌ವರ್ಡ್‌ಗಳನ್ನು ಎತ್ತಿಕೊಂಡು ಹೋದರು. ಅಷ್ಟನ್ನೂ ತಾಣ ಬರೆದದ್ದು ಬರೆದಂತೆಯೇ ಇಟ್ಟಿತ್ತು. ಅವುಗಳಲ್ಲಿ 123456 ಎಂಬುದೇ ಅಗ್ರಗಣ್ಯವೆಂದು ತಿಳಿದಾಗ ಪಂಡಿತರು ಬಳಕೆದಾರರ ದಡ್ಡತನವನ್ನು ಆಡಿಕೊಂಡರು. ಆದರೆ ತಲೆ ಕೆರೆದುಕೊಂಡು ಕಠಿಣ ಪಾಸ್‌ವರ್ಡ್ ಕಟ್ಟಿದವನದೂ ಅಲ್ಲಿ ಅಷ್ಟೇ ಸಲೀಸಾಗಿ ಓದಲು ಸಿಗುತ್ತಿತ್ತು. ತಪಸ್ವಿಗೂ ಸೋಮಾರಿಗೂ ಒಂದೇ ಗತಿ.

ಪಾಸ್‌ವರ್ಡನ್ನು ಹ್ಯಾಶ್ ಮಾಡಿ, ಅಂದರೆ ಹಿಂದಿರುಗಿಸಲಾಗದ ಸಂಕೇತವಾಗಿ ಬದಲಿಸಿ, ಇಟ್ಟರೆ ಸಾಲದೇ ಎಂಬುದು ಪೂರ್ವಪಕ್ಷ. ಲಿಂಕ್ಡ್‌ಇನ್ ಹಾಗೆ ಮಾಡಿತ್ತು, ಆದರೆ ಸಾಲ್ಟ್, ಅಂದರೆ ಪ್ರತಿ ಪಾಸ್‌ವರ್ಡಿಗೂ ಸೇರಿಸುವ ಬೇರೆ ಬೇರೆ ಯಾದೃಚ್ಛಿಕ ಅಕ್ಷರಗಳನ್ನು ಬೆರೆಸಿರಲಿಲ್ಲ. ಸಾಲ್ಟ್ ಇಲ್ಲದಿದ್ದರೆ ಒಂದೇ ಪಾಸ್‌ವರ್ಡ್ ಇಟ್ಟುಕೊಂಡವರೆಲ್ಲರ ಹ್ಯಾಶೂ ಒಂದೇ. ಒಬ್ಬನದು ಬಿಚ್ಚಿಕೊಂಡರೆ ಎಲ್ಲರದೂ ಬಿಚ್ಚಿಕೊಳ್ಳುತ್ತದೆ. 2012ರಲ್ಲಿ ಸೋರಿಕೆಯಾದಾಗ ಆದದ್ದು ಇದೇ. ಸಾಲ್ಟ್‌ನ ಮರ್ಮವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಬರೆದಿಟ್ಟಿದ್ದರು. ಶಾಸ್ತ್ರವಾಕ್ಯ ಸಿಕ್ಕಿದ ಕೂಡಲೇ ಆಚರಣೆಗೆ ಇಳಿಯುವುದು ಶಿಷ್ಟಾಚಾರವಲ್ಲ ಎಂದೇ ಮೂವತ್ತಮೂರು ವರ್ಷ ಕಾದಿರಬೇಕು. 1999ರಲ್ಲಿ ಬಂದ ಬಿಕ್ರಿಪ್ಟ್ ಎಂಬ ಹ್ಯಾಶ್ ವಿಧಾನ ಬೇಕೆಂದೇ ನಿಧಾನವಾಗಿ ಲೆಕ್ಕ ಹಾಕುತ್ತದೆ, ಊಹಿಸಿ ಊಹಿಸಿ ಕಳ್ಳ ಬಸವಳಿಯಲೆಂದು. ವಿಳಂಬವನ್ನು ಸದ್ಗುಣವೆಂದು ಸಾಧಿಸಿ ತೋರಿಸಿದ ಇಲಾಖೆ ಇದೊಂದೇ.

ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸುವ ವ್ರತದಿಂದ ರಕ್ಷಣೆಯಿಲ್ಲವೇ ಎಂದು ಕೇಳುವವರುಂಟು. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ ಹಳೆಯ ಗ್ರಂಥವೊಂದನ್ನು ಈ ವ್ರತಕ್ಕೆ ಆಧಾರವೆಂದು ತೋರಿಸುವುದುಂಟು. ಅದೇ ಸಂಸ್ಥೆ 2017ರಲ್ಲಿ, ಸೋರಿಕೆಯ ಪುರಾವೆಯಿಲ್ಲದೆ ಬದಲಿಸೆಂದು ಪೀಡಿಸಬೇಡಿ, ಪೇಸ್ಟ್ ಮಾಡಲು ಬಿಡಿ ಎಂದಿತು. ಮೊದಲ ಗ್ರಂಥದ ಕರ್ತೃ ಬಿಲ್ ಬರ್ ತಾವೇ ಪಶ್ಚಾತ್ತಾಪಪಟ್ಟರು. ಸಂಪ್ರದಾಯಸ್ಥ ತಾಣಗಳು ಮಾತ್ರ ಈ ಎರಡನೆಯ ಪಾಠವನ್ನು ಪ್ರಕ್ಷಿಪ್ತವೆಂದು ಬಗೆದು ಇಂದಿಗೂ ಪೇಸ್ಟ್ ತಡೆಯುತ್ತವೆ. ಹಾಗಾಗಿ ಪಾಸ್‌ವರ್ಡ್ ಮ್ಯಾನೇಜರ್ ಇಟ್ಟುಕೊಂಡ ಜಾಗರೂಕನೇ ಮೊದಲು ಹೊರಗುಳಿಯುತ್ತಾನೆ.

ಮರೆತವನಿಗೆ ಹಳೆಯ ಪಾಸ್‌ವರ್ಡನ್ನೇ ಇಮೇಲ್‌ನಲ್ಲಿ ಕಳಿಸುವ ದಯಾಳು ತಾಣಗಳನ್ನು ತೋರಿಸಿ, ಒಡೆಯ ಒಳಗೆ ಬಂದನಲ್ಲ, ನಿಮ್ಮ ಸಿದ್ಧಾಂತ ಬಿತ್ತು ಎನ್ನಬಹುದು. ಹಾಗೆ ಕಳಿಸಬಲ್ಲ ತಾಣ ಅದನ್ನು ಹ್ಯಾಶ್ ಮಾಡಿಲ್ಲವೆಂದು ಅನುಮಾನ ಪ್ರಮಾಣದಿಂದಲೇ ಸಿದ್ಧ. ಒಡೆಯ ಬಂದದ್ದು ದಿಟ. ಆ ಹೊತ್ತಿಗೆ ಒಳಗೆ ಅವನದೆಂಬುದು ಏನು ಉಳಿದಿರುತ್ತದೆ ಎಂಬ ಪ್ರಶ್ನೆ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.