ನದಿ ಕಾಣುವ ರೂಮು

ರೂಮಿನ ಕಿಟಕಿಯಿಂದ ನದಿ ಕಾಣಬೇಕು. ಲಂಡನ್ನಿನ ಎಜ್‌ವೇರ್‌ನಿಂದ ಹಂಪಿಗೆ ಹೊರಡುವ ಕನ್ನಡ ಕುಟುಂಬದ ಮೊದಲ ಷರತ್ತು ಇದು. ಎರಡನೆಯದು, ಅಪ್ಪಟ ಹಳ್ಳಿಯ ವಾತಾವರಣ ಇರಬೇಕು. ಮೂರನೆಯದು, ಎಸಿ ಇರಬೇಕು. ಹಳ್ಳಿ ಬೇಕು, ಹಳ್ಳಿಯ ಸೊಳ್ಳೆ ಬೇಡ. ಪರಂಪರೆ ಬೇಕು, ಪಕ್ಕದಲ್ಲೇ ಈಜುಕೊಳವೂ ಬೇಕು.

ಹಂಪಿ ಸೀಮೆ ಮರುಭೂಮಿಯೇನಲ್ಲ. ಏಪ್ರಿಲ್ ಬಿಸಿಲಿಗೆ ಆ ವಿಷಯ ಯಾರೂ ತಿಳಿಸಿಲ್ಲ, ಅಷ್ಟೇ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಹೇಮಕೂಟದ ಬಂಡೆ ಕಾದ ಕಾವಲಿ. ಅಂಥ ನೆಲದ ನಡುವೆ ತುಂಗಭದ್ರೆ ಹರಿಯುವಾಗ ನೀರಿನ ಪಕ್ಕವೇ ಮಲಗಬೇಕು ಅನ್ನಿಸುವುದು ಸಹಜ. ವಿಜಯನಗರದ ಅರಸರಿಗೂ ನೀರು ಬೇಕಿತ್ತು. ಅವರು ಕಾಲುವೆ ತೋಡಿಸಿದರು. ತುರ್ತು ಕಾಲುವೆಯಲ್ಲಿ ಇವತ್ತಿಗೂ ನೀರು ಹರಿಯುತ್ತದೆ, ಬಾಳೆ ಬೆಳೆಯುತ್ತದೆ. ನಾವು ಬೋರ್‌ವೆಲ್ ಕೊರೆಸಿ ಪೂಲ್ ತುಂಬಿಸುತ್ತೇವೆ.

ಎಜ್‌ವೇರ್‌ನಲ್ಲಿ ಒಬ್ಬ ಸಜ್ಜನರಿದ್ದಾರೆ. ನಾರ್ದರ್ನ್ ಲೈನಿನ ಕೊನೆಯ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ಅವರ ಮನೆ. ಪಕ್ಕದವನು ಅಟ್ಟದ ಮೇಲೊಂದು ಕೋಣೆ ಎತ್ತಲು ಹೊರಟಾಗ ಇವರು ಕೌನ್ಸಿಲ್‌ಗೆ ಆಕ್ಷೇಪಣೆ ಬರೆದರು. ನಾಲ್ಕು ಪುಟ. ನನಗೂ ಓದಿಸಿದರು. ಬೆಳಕಿಗೆ ಅಡ್ಡಿ, ನೆಮ್ಮದಿಗೆ ಭಂಗ, ಬೀದಿಯ ಅಂದಕ್ಕೆ ಕುಂದು. ಬ್ರಾಡ್‌ವಾಕ್ ಶಾಪಿಂಗ್ ಸೆಂಟರ್ ಜಾಗದಲ್ಲಿ ಬಹುಮಹಡಿ ಗೋಪುರಗಳು ಏಳುತ್ತವೆ ಎಂದು ಗೊತ್ತಾದಾಗ ಸಹಿ ಸಂಗ್ರಹಕ್ಕೆ ಮನೆಮನೆ ಸುತ್ತಿದರು. ‘ಊರಿಗೊಂದು ಲಕ್ಷಣ ಅಂತ ಇರುತ್ತೆ ಸರ್, ಅದನ್ನ ಕೆಡಿಸಬಾರದು’ ಎಂದರು. ಒಪ್ಪತಕ್ಕ ಮಾತೇ.

ಲಂಡನ್ನಿನಲ್ಲಿ ಇನ್ನೊಂದು ನಿಯಮವಿದೆ. ಇಡೀ ಮನೆಯನ್ನು ಪ್ರವಾಸಿಗರಿಗೆ ವರ್ಷಕ್ಕೆ 90 ರಾತ್ರಿಗಿಂತ ಹೆಚ್ಚು ಬಾಡಿಗೆಗೆ ಕೊಡಬೇಕಾದರೆ ಯೋಜನಾ ಅನುಮತಿ ಬೇಕು. 2015ರಿಂದ ಹೀಗಿದೆ. ಎದುರು ಮನೆ 90 ದಾಟಿತೋ ಎಂದು ನಮ್ಮ ಸಜ್ಜನರು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾರೆ. ಬೀದಿಯಲ್ಲಿ ಸೂಟ್‌ಕೇಸಿನ ಚಕ್ರ ಉರುಳಿದ ಸದ್ದಾದರೆ ಪರದೆ ಸರಿಸುತ್ತಾರೆ.

ಇದೇ ಸಜ್ಜನರು, ಆಕ್ಷೇಪಣೆ ಬರೆದ ಅದೇ ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಹಂಪಿ ಹತ್ತಿರದ ಸಾಣಾಪುರದ ಕಡೆಯ ಒಂದು ತಾಣ ತೋರಿಸಿದರು. ಭತ್ತದ ಗದ್ದೆ, ಬಂಡೆ, ಬಂಡೆಗೆ ಆತುಕೊಂಡ ಕಾಟೇಜು, ಕೆಳಗೆ ನೀರು.

‘ಇದಕ್ಕೆ ಪರ್ಮಿಷನ್ ಇದೆಯಾ?’

‘ಅಯ್ಯೋ ಬಿಡಿ ಸರ್, ಇಂಡಿಯಾದಲ್ಲಿ ಅದೆಲ್ಲ ನಡೆಯುತ್ತೆ. ವ್ಯೂ ನೋಡಿ.’

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಆಕ್ಷೇಪಣೆ ಎಜ್‌ವೇರ್‌ಗೆ, ಅಡ್ವಾನ್ಸ್ ಸಾಣಾಪುರಕ್ಕೆ.

ಹಂಪಿಯಲ್ಲೂ ಕಾನೂನಿದೆ ಮಹಾಸ್ವಾಮಿ. 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. 1988ರಲ್ಲಿ ರಾಜ್ಯದ ಅಧಿಸೂಚನೆ ಬಂತು. 2002ರಲ್ಲಿ ಹಂಪಿಗೆಂದೇ ಪ್ರತ್ಯೇಕ ಕಾಯ್ದೆಯಾಯಿತು. ಅದರಿಂದ ಹುಟ್ಟಿದ್ದು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ. ಅಷ್ಟುದ್ದದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಕಾಟೇಜ್ ಎದ್ದಿರುತ್ತದೆ.

ವಿರುಪಾಪುರ ಗಡ್ಡಿಯನ್ನೇ ನೋಡಿ. ವಿರೂಪಾಕ್ಷನ ಗುಡಿಯಿಂದ ಹೊಳೆ ದಾಟಿದರೆ ಗಡ್ಡಿ. ಈಚೆ ದಡದಲ್ಲಿ ಮಾಂಸವಿಲ್ಲ, ಮದ್ಯವಿಲ್ಲ. ಆಚೆ ದಡದಲ್ಲಿ ಎಲ್ಲವೂ ಉಂಟು. ಗುಡಿಸಲು, ತೂಗುಮಂಚ, ಹೀಬ್ರೂ ಅಕ್ಷರದ ಬೋರ್ಡು. ಬೆಳಿಗ್ಗೆ ಈಚೆ ಬಂದು ಕೈಮುಗಿದು, ಸಂಜೆಯ ಕೊನೆಯ ದೋಣಿಯಲ್ಲಿ ಆಚೆ ಹೋಗಿ ಬಾಟಲಿ ಮುಚ್ಚಳ ತೆಗೆಯುವ ಏರ್ಪಾಡು ವರ್ಷಗಟ್ಟಲೆ ಸುಸೂತ್ರವಾಗಿ ನಡೆಯಿತು. ಎಲ್ಲವೂ ಅಕ್ರಮ ಎಂದು ಆಮೇಲೆ ಹೇಳಿದರು. ಹಾಗಾದರೆ ಕಂಬ ನೆಟ್ಟು ಕರೆಂಟು ಎಳೆದವರು ಯಾರು? ಸೀಸನ್ನಿಗೆ ಬಂದು ಉಂಡು ಹೋದ ಜೀಪುಗಳು ಯಾರವು? ಹನುಮಂತನೇ ಬಲ್ಲ. ಅವನು ಹುಟ್ಟಿದ ಬೆಟ್ಟ ಪಕ್ಕದಲ್ಲೇ ಇದೆಯಂತಲ್ಲ.

2019ರ ಆಗಸ್ಟಿನಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ಗಡ್ಡಿಗೆ ದಾರಿಯೇ ಇಲ್ಲದಾಯಿತು. ನದಿ ಕಾಣುವ ರೂಮು ಹಿಡಿದವರು ಸುತ್ತಲೂ ನದಿಯನ್ನೇ ಕಂಡರು. ನೂರಾರು ಪ್ರವಾಸಿಗರನ್ನು ದೋಣಿಯಲ್ಲಿ, ಹೆಲಿಕಾಪ್ಟರಿನಲ್ಲಿ ಹೊರತರಬೇಕಾಯಿತು. 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಗಡ್ಡಿಯ ಅಕ್ರಮ ಕಟ್ಟಡಗಳ ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರ ಜೆಸಿಬಿಗಳು ಇಳಿದವು. ಗಡ್ಡಿ ಸಪಾಟಾಯಿತು.

ಅಲ್ಲಿದ್ದ ವ್ಯಾಪಾರ ಏನಾಯಿತು? ಒಂದಿಷ್ಟು ದೂರ ಸರಿಯಿತು. ಸಾಣಾಪುರ, ಹನುಮನಹಳ್ಳಿ, ಆನೆಗೊಂದಿ. ಈಗ ಅದು ರೆಸಾರ್ಟ್ ಅಲ್ಲ, ಹೋಮ್‌ಸ್ಟೇ. ಮನೆಯವರು ಅಲ್ಲೇ ವಾಸವಿದ್ದು ಮಿಕ್ಕ ಕೋಣೆಯನ್ನು ಅತಿಥಿಗೆ ಕೊಡುವುದು ಹೋಮ್‌ಸ್ಟೇ. ಇಲ್ಲಿ ಮನೆಯವರು ಬೆಂಗಳೂರಿನಲ್ಲಿರುತ್ತಾರೆ. ಮನೆಯಂತೂ ಇಲ್ಲವೇ ಇಲ್ಲ. ಇರುವುದು ಸ್ವಿಮ್ಮಿಂಗ್ ಪೂಲು ಮತ್ತು ಕೀ ಕೊಡುವ ಒಬ್ಬ ಹುಡುಗ.

ನಿಜವಾದ ಹೋಮ್‌ಸ್ಟೇ ನೋಡಬೇಕಾದರೆ ಹಂಪಿಯ ಜನತಾ ಪ್ಲಾಟಿಗೆ ಹೋಗಿ. ಕೆಳಗೆ ಮನೆ, ಮಹಡಿ ಮೇಲೆ ಬಾಡಿಗೆಯ ಕೋಣೆ. ಹಜಾರದಲ್ಲಿ ಅಜ್ಜಿ ಮಲಗಿರುತ್ತಾಳೆ, ಅವಳನ್ನು ದಾಟಿಕೊಂಡೇ ಮೆಟ್ಟಿಲು ಹತ್ತಬೇಕು. ಒಗ್ಗರಣೆ ಘಾಟು ಕೋಣೆಯವರೆಗೂ ಬರುತ್ತದೆ. ‘ಬಿಸಿನೀರು ಬೇಕಾದ್ರ ಹೇಳ್ರಿ, ಕಾಸಿ ಕೊಡ್ತೀನ್ರಿ’ ಎಂದು ಮನೆಯಾಕೆ ಕೂಗುತ್ತಾಳೆ. ಪ್ರತಿ ವರ್ಷ ‘ಈ ಸಲ ಉಳೀತೀವೋ ಇಲ್ಲೋ’ ಎಂದು ಹೆದರುತ್ತ ಸೀಸನ್ ಶುರು ಮಾಡುವವರೂ ಇವರೇ.

ಹೆದರಿಕೆಗೆ ಕಾರಣವಿದೆ. 2011ರ ಜುಲೈ 29ರಂದು ಹಂಪಿ ಬಜಾರಿನ ಸಾಲುಮಂಟಪಗಳಿಂದ ಜನರನ್ನು ಎಬ್ಬಿಸಿದರು. ಅಂಗಡಿ, ಖಾನಾವಳಿ, ಹಾಸಿಗೆ, ದೇವರ ಪಟ ಎಲ್ಲ ಬೀದಿಗೆ ಬಂತು. ಕಡ್ಡಿರಾಂಪುರದಲ್ಲಿ ನಿವೇಶನ ಕೊಡುತ್ತೇವೆ, ಹೋಗಿ ಎಂದರು. ಸ್ಮಾರಕ ಉಳಿಸುವುದಕ್ಕೆ ಇಷ್ಟು ಬೇಕೇ ಬೇಕಿತ್ತಂತೆ. 2024ರ ಮೇ ತಿಂಗಳಲ್ಲಿ ಒಂದು ಮಳೆ ಬಂತು, ಅದೇ ಸಾಲುಮಂಟಪದ ಒಂದು ಭಾಗ ಕುಸಿದು ಬಿತ್ತು. ಒಳಗೆ ದೋಸೆ ಹುಯ್ಯುವವರು ಯಾರೂ ಇರಲಿಲ್ಲ. ಯಾರ ಮೇಲೆ ಹಾಕುತ್ತೀರಿ?

ಸರ್ಕಾರದ ಪರಂಪರೆ ಪ್ರೀತಿ ಹಳೆಯದು. ಹಂಪಿ 1999ರಲ್ಲಿ ಯುನೆಸ್ಕೊದ ಅಪಾಯದ ಪಟ್ಟಿ ಸೇರಿತ್ತು. ಅದಕ್ಕೆ ಕಾರಣ ಗುಡಿಸಲಲ್ಲ, ಸೇತುವೆ. ಆನೆಗೊಂದಿಗೆ ಸರ್ಕಾರವೇ ಕಟ್ಟಲು ಹೊರಟಿದ್ದ ಸೇತುವೆ. 2006ರಲ್ಲಿ ಹೇಗೋ ಆ ಪಟ್ಟಿಯಿಂದ ಹೊರಬಂದೆವು. 2009ರ ಜನವರಿಯಲ್ಲಿ, ಕಟ್ಟುತ್ತಿದ್ದಾಗಲೇ ಆ ಸೇತುವೆ ನದಿಗೆ ಬಿತ್ತು. ಕೂಲಿಯವರು ಸತ್ತರು.

ಇನ್ನು ಹಂಪಿ ಉತ್ಸವ. ಗುಡಿಸಲಿನ ತೂಗುಮಂಚದಿಂದ ಪರಂಪರೆಗೆ ಧಕ್ಕೆ. ಆಳೆತ್ತರದ ಸ್ಪೀಕರಿನಿಂದ ಪರಂಪರೆಗೆ ಮೆರುಗು. ಮಂತ್ರಿಗಳಿಗೆ ವೇದಿಕೆ, ಗಣ್ಯರಿಗೆ ಪಾಸು, ಆಕಾಶದಿಂದ ಹಂಪಿ ನೋಡುವವರಿಗೆ ಹೆಲಿಕಾಪ್ಟರು. ಆ ವೇದಿಕೆಯೂ ಒಂದು ಬಗೆಯ ತಾತ್ಕಾಲಿಕ ಕಟ್ಟಡವೇ. ಅದಕ್ಕೆ ನೋಟಿಸು ಬಂದಿದ್ದನ್ನು ಯಾರಾದರೂ ಕೇಳಿದ್ದೀರಾ?

2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಕಾಲುವೆ ದಂಡೆಯಲ್ಲಿ ನಡೆದದ್ದರಲ್ಲಿ ವ್ಯಂಗ್ಯಕ್ಕೆ ಜಾಗವಿಲ್ಲ. ಹೋಮ್‌ಸ್ಟೇ ನಡೆಸುತ್ತಿದ್ದ ಮಹಿಳೆ ಮತ್ತು ಆಕೆಯ ವಿದೇಶಿ ಅತಿಥಿಯ ಮೇಲೆ ಅತ್ಯಾಚಾರವಾಯಿತು. ಜೊತೆಗಿದ್ದ ಮೂವರನ್ನು ಕಾಲುವೆಗೆ ತಳ್ಳಿದರು, ಒಬ್ಬ ಬದುಕಲಿಲ್ಲ. ವ್ಯಂಗ್ಯ ಶುರುವಾದದ್ದು ಅದರ ಮರುದಿನ. ಅಷ್ಟು ಕಾಲ ಯಾರ ಕಣ್ಣಿಗೂ ಬೀಳದ ಅನಧಿಕೃತ ರೆಸಾರ್ಟುಗಳು ಅಧಿಕಾರಿಗಳಿಗೆ ದಿಢೀರನೆ ಕಾಣತೊಡಗಿದವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು. ಅದರ ಕೀಲೂ ಬೇಗನೇ ಸಡಿಲವಾಗುತ್ತದೆ. ಮುಂದಿನ ಸೀಸನ್ ಬರುತ್ತದಲ್ಲ.

ಇದೇ ಊರಿಗೆ 1443ರಲ್ಲಿ ಅಬ್ದುರ್ ರಜಾಕ್ ಬಂದಿದ್ದ. ಹೆರಾತಿನ ಶಾರುಖನ ರಾಯಭಾರಿ. ಪ್ರೌಢದೇವರಾಯ ಅವನಿಗೆ ಎತ್ತರದ ಒಂದು ಮನೆ ಬಿಟ್ಟುಕೊಟ್ಟ. ದಿನವೂ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ ಕಳಿಸಿದ. ಮೇಲೆ ದಿನಕ್ಕೆ ಎರಡು ವರಹ ಕೈಖರ್ಚಿಗೆ. ಹೀಗೆಂದು ಆತನೇ ಬರೆದಿಟ್ಟಿದ್ದಾನೆ. ಇವತ್ತು ಅರಮನೆ ಮಾದರಿಯ ರೆಸಾರ್ಟಿನಲ್ಲಿ ಕಮಾನು, ಕಾರಂಜಿ, ರುಮಾಲು ಸುತ್ತಿದ ಕಾವಲುಗಾರ ಎಲ್ಲ ಉಂಟು. ವರಹ ಹರಿಯುವ ದಿಕ್ಕು ಮಾತ್ರ ಬದಲಾಗಿದೆ.

ಹಾಗಂತ ಎಜ್‌ವೇರ್ ಬೀಗಬೇಕಾಗಿಲ್ಲ. ಸ್ಟೇಷನ್ ರೋಡಿನಲ್ಲಿ ರೈಲ್ವೆ ಹೋಟೆಲ್ ಎಂಬುದೊಂದಿದೆ. 1931ರ ಕಟ್ಟಡ, ಗ್ರೇಡ್ ಟೂ ಸಂರಕ್ಷಿತ. ಸಂರಕ್ಷಣೆ ಎಷ್ಟು ಚೆನ್ನಾಗಿ ಆಯಿತೆಂದರೆ ಬಾಗಿಲು ಮುಚ್ಚಿಕೊಂಡು ವರ್ಷಗಟ್ಟಲೆ ಹಾಳು ಸುರಿಯಿತು. ಕೆಡವುವಂತಿರಲಿಲ್ಲ, ಮಲಗುವಂತಿರಲಿಲ್ಲ. ನಮ್ಮ ಪ್ರಾಧಿಕಾರದವರು ಅಧ್ಯಯನ ಪ್ರವಾಸಕ್ಕೆ ಬಂದರೆ ತೋರಿಸಬಹುದು. ತಂಗಲು ಬೇರೆಡೆ ನೋಡಿಕೊಳ್ಳಲಿ.

ನಮ್ಮವರ ಹಂಪಿ ಅಭಿಮಾನಕ್ಕೇನೂ ಕೊರತೆಯಿಲ್ಲ. ರಾಜ್ಯೋತ್ಸವ ಬಂದರೆ ಬಾಡಿಗೆ ಹಾಲಿನ ವೇದಿಕೆಯಲ್ಲಿ ಥರ್ಮಾಕೋಲಿನ ಕಲ್ಲಿನ ರಥ ನಿಲ್ಲುತ್ತದೆ. ಅದರ ಚಕ್ರ ಮುರಿದೀತೆಂದು ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಅಸಲಿ ರಥ 50 ರೂಪಾಯಿ ನೋಟಿನ ಮೇಲಿದೆ. ಆ ನೋಟನ್ನು ಟಿಪ್ಸ್ ಕೊಡುವುದಕ್ಕೆಂದೇ ಬ್ಯಾಂಕಿನಿಂದ ಗರಿಗರಿಯಾಗಿ ತಂದಿಟ್ಟುಕೊಂಡಿರುತ್ತಾರೆ.

ಕಮಲಾಪುರದಲ್ಲಿ ಸರ್ಕಾರದ್ದೇ ಮಯೂರ ಭುವನೇಶ್ವರಿ ಇದೆ. ಹೊಸಪೇಟೆಯಲ್ಲಿ ಬಿಲ್ ಕೊಡುವ ಲಾಡ್ಜುಗಳಿವೆ, ಹಂಪಿಗೆ ದಿನವಿಡೀ ಬಸ್ಸಿದೆ. ಇಷ್ಟನ್ನೂ ನಮ್ಮ ಸಜ್ಜನರಿಗೆ ಹೇಳಿ ನೋಡಿದೆ. ಅವರು ಹೆಂಡತಿಯ ಮುಖ ನೋಡಿದರು. ಆಕೆ ನನ್ನ ಮುಖ ನೋಡಿದರು.

‘ಲಾಡ್ಜಾ? ಲಂಡನ್ನಿಂದ ಹೋಗಿ ಲಾಡ್ಜಲ್ಲಿ ಇಳಿದ್ರೆ ನೆಂಟರು ಏನಂದ್ಕೊಳ್ತಾರೆ?’

ಅಡ್ವಾನ್ಸ್ ಹೋಗಿದೆ. ರಸೀದಿ ಕೇಳಿದ್ದಕ್ಕೆ ಆ ಕಡೆಯಿಂದ ಕೈಮುಗಿದ ಎಮೋಜಿ ಬಂದಿದೆಯಂತೆ.